ಅಕ್ಕನ ಆರು ನಿಮಿಷ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ

ಬೇಕರಿ ಕಥೆಯ ಧ್ವನಿ ಕೆಲಸ ಮುಗೀತು. ಒಲೆ ಬಾಗಿಲು ಕಿರ್ ಅನ್ನೋದು, ತಟ್ಟೆ ಎಳೆಯೋದು, ಯಜಮಾನರ ಕೆಮ್ಮು — ಎಲ್ಲ ಅದರದರ ಜಾಗದಲ್ಲಿ ಕೂತಿದೆ. ಎಂದಿನಂತೆ ಹೆಡ್‌ಫೋನ್ ಹಾಕ್ಕೊಂಡು, ಕಣ್ಣು ಮುಚ್ಚಿ ಕೊನೇ ಸಲ ಕೇಳಿ ಓಕೆ ಮಾಡಿದೆ. ಕಣ್ಣು ಬಿಟ್ಟರೆ ಕಿವಿ ಸೋಮಾರಿಯಾಗುತ್ತೆ, ನನ್ನ ಅನುಭವ.

ಐದು ಕಥೆ ಆಯ್ತು. ಈ ಊರಿನ ಐದು ಬೀದಿ, ಐದು ತರದ ಜನ. ಫೋಟೊ, ವಿಡಿಯೊ, ಧ್ವನಿ ಎಲ್ಲ ಸೇರಿಸಿ ಹಳೇ ಗೋದಾಮಿನ ಗೋಡೆ ಮೇಲೆ ಹಾಕೋದು, ಮಾರನೇ ದಿನ ವೆಬ್‌ಸೈಟಿಗೆ ಏರಿಸೋದು. "ಆರನೇದು ಎಲ್ಲಿ?" ಅಂದ್ರು ಈ ಯೋಜನೆ ನಡೆಸೋ ಮೇಡಂ. ನಮ್ಮ ಪಾಲಿನ ಸರ್ಕಾರ ಅವರು, ಹಾಗಾಗಿ ತಡವರಿಸೋ ಹಾಗಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನಮ್ಮಕ್ಕ!"

ಮೇಡಂ ಹುಬ್ಬು ಏರಿತು. ಆಮೇಲೆ ನಾನು ನಿಲ್ಲಿಸ್ಲೇ ಇಲ್ಲ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸಲ್ಲ. ಕನ್ನಡಕದ ಗಾಜು ಉಜ್ಜೋ ಕೆಲಸ. ಶನಿವಾರ ಸಂಜೆ ಆದ್ರೆ ಸಾಕು, ಅವಳು ಬಸ್ ನಿಲ್ದಾಣದ ದೊಡ್ಡ ದೀಪದ ಕೆಳಗೆ. ಊರಿನ ಕಿವುಡರೆಲ್ಲ ಅಲ್ಲೇ ಸೇರೋದು. ಪಾರ್ಕ್ ಇದೆ, ಹೋಟೆಲ್ ಇದೆ, ಆದ್ರೆ ಎಲ್ಲ ಮಬ್ಬು. ಕೈ ಕಾಣಿಸದಿದ್ರೆ ಹರಟೆ ಹೊಡೆಯೋದು ಹೇಗೆ?

ಮೇಡಂ ಪೆನ್ನು ಕೆಳಗಿಟ್ರು. "ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?" 

ಹಾಂ, ಒಪ್ಪಿದ್ರು! ಒಪ್ಪಿದ್ರು!!

ಮಾರ್ಚ್ 8, ಭಾನುವಾರ

ನಿನ್ನೆ ಶೂಟಿಂಗ್. ಕಾಲು ಇನ್ನೂ ನೆಲದ ಮೇಲಿಲ್ಲ.

ಅಕ್ಕ ಹೊಸ ಕಪ್ಪು ಅಂಗಿ ಹಾಕ್ಕೊಂಡು ಬಂದಿದ್ಲು, ಕೈ ಎದ್ದು ಕಾಣ್ಲಿ ಅಂತ. ಸ್ನೇಹಿತರೆಲ್ಲ ಸುತ್ತ. ಎಲ್ಲರಿಗೂ ಸಾರಿಬಿಟ್ಟಿದ್ದಾಳೆ — ಗೋಡೆ ತುಂಬ ನಮ್ಮ ಮಾತು ನೋಡ್ತೀರಿ, ಇಡೀ ಊರು ನೋಡುತ್ತೆ. ನಮ್ಮ ಎಡಿಟರ್, ಕತ್ತರಿ ಅಂತ ನಾವು ಕರೆಯೋದು, ಅವನೇ ಕ್ಯಾಮೆರಾ ಹಿಡಿದ. ಸೊಂಟದಿಂದ ಮೇಲೆ ಪೂರ್ತಿ ಹಿಡೀಬೇಕು ಅಂತ ಹತ್ತು ಸಲ ಹೇಳಿದ್ದೆ. ಹಿಡಿದ, ಜಾಣ.

ಏನು ಕಥೆ ಹೇಳಿದ್ಲಪ್ಪ ಅಕ್ಕ! ಒಂದು ವರ್ಷ ಆ ದೀಪ ಕೆಟ್ಟುಹೋಯ್ತಂತೆ. ತಿಂಗಳುಗಟ್ಟಲೆ ರಿಪೇರಿ ಇಲ್ಲ. ಇವರು ಬಿಟ್ರಾ? ಎಲ್ಲರೂ ಟಾರ್ಚ್ ತಂದ್ರು. ಒಬ್ಬರು ಮಾತಾಡಿದ್ರೆ ಪಕ್ಕದವರು ಅವರ ಕೈ ಮೇಲೆ ಬೆಳಕು ಬಿಡೋದು. ಯಾರಾದ್ರೂ ಕೊರೆಯೋಕೆ ಶುರು ಮಾಡಿದ್ರೆ ಟಾರ್ಚ್ ಆರಿಸಿಬಿಡೋದು! ಮಾತು ಅಲ್ಲಿಗೆ ಖತಂ. ನಾನು ನಕ್ಕೂ ನಕ್ಕೂ ಮೈಕ್ ಬೀಳಿಸಿದೆ.

ಅಕ್ಕನ ಮಾತು ಜಾಸ್ತಿ, ಲೋಕಕ್ಕೇ ಗೊತ್ತು. ಅವಳ ಮೇಲಿನ ಟಾರ್ಚ್ ಎಲ್ಲರೂ ಆರಿಸ್ತಿದ್ರಂತೆ. ಒಬ್ಬರು ಮಾತ್ರ ಆರಿಸ್ತಿರಲಿಲ್ಲ. ಕೈ ಸೋತರೂ, ಬ್ಯಾಟರಿ ಮುಗಿಯೋ ತನಕ. ಅವರೇ ಭಾವ.

ನಾನು ಬೆಪ್ಪಾಗಿ ನಿಂತೆ. ಅಂದ್ರೆ ಮದುವೆಗೆ ಮೊದಲೇ...? ಅಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳ್ತಾಳೆ, "ಊರೆಲ್ಲ ಅಲೆದು ಈ ಗಂಡು ಹುಡುಕಿದ್ದು ನಾನು." ಭಾವನ ಕಡೆ ನೋಡಿದೆ. ಭಾವ ಆಕಾಶ ನೋಡ್ತಿದ್ರು.

ಮಾರ್ಚ್ 12, ಗುರುವಾರ

ಮುಗೀತು ಮುಗೀತು. ಅಕ್ಕನ ಮಾತನ್ನ ನಾನೇ ಬರೆದು ನನ್ನ ದನೀಲೇ ಓದಿದೆ. ಸಣ್ಣವಳಿದ್ದಾಗಿನಿಂದ ಅಂಗಡೀಲಿ, ಆಸ್ಪತ್ರೇಲಿ ಅವಳ ಪರವಾಗಿ ಮಾತಾಡಿದವಳು ನಾನೇ ಅಲ್ವಾ, ಸಲೀಸಾಗಿ ಬಂತು. ಭಾವನ ವಿಷಯ ಬಿಟ್ಟೆ. ಅಮ್ಮನ ಕಿರೀಟ ಊರ ಮುಂದೆ ಯಾಕೆ ಬೀಳಿಸ್ಬೇಕು. ಕತ್ತರಿ ಬಸ್ಸು, ಜನ, ದೀಪ ಎಲ್ಲ ಸೇರಿಸಿ ಕಳಿಸಿದ. ಕಣ್ಣು ಮುಚ್ಚಿ ಕೇಳಿದೆ. ಬಸ್ಸಿನ ಬ್ರೇಕು, ನನ್ನ ದನಿ, ದೂರದ ಶಿಳ್ಳೆ. ಕೂದಲೆಳೆ ಅಷ್ಟೂ ತಪ್ಪಿಲ್ಲ. ಓಕೆ!

ಮೇಡಂ ಕೂಡ ಭೇಷ್ ಅಂದ್ರು. ಶನಿವಾರ ಅಕ್ಕನಿಗೆ ತೋರಿಸ್ತೀನಿ. ಕುಣೀತಾಳೆ ನೋಡು.

ಮಾರ್ಚ್ 14, ಶನಿವಾರ

ಕುಣೀಲಿಲ್ಲ.

ಮೊದಲ ನಿಮಿಷ ನೋಡಿದ್ಲು. ಎರಡನೇದು ನೋಡಿದ್ಲು. ಆಮೇಲೆ ಪರದೆ ಬಿಟ್ಟು ನನ್ನನ್ನೇ ನೋಡಿದ್ಲು. "ನಾನೆಲ್ಲಿ?"

ಆಗ ಕಣ್ಣು ಬಿಟ್ಟು ನೋಡಿದೆ. ಮೊದಲ ಸಲ. ಅಕ್ಕ ಕೈ ಎತ್ತೋದು, ತಕ್ಷಣ ಬಸ್ಸು. ಮತ್ತೆ ಅಕ್ಕ, ತಕ್ಷಣ ದೀಪ. ಕತ್ತರಿದೇನು ತಪ್ಪು? ಯಾರ ಸಂದರ್ಶನ ಆದ್ರೂ ನಾವು ಹೀಗೇ ಮಾಡೋದು. ಮಾತು ಓಡ್ತಿರುತ್ತೆ, ಮೇಲೆ ಬೇರೆ ಚಿತ್ರ ಹೊದಿಸ್ತೀವಿ. ಬೇಕರಿ ಯಜಮಾನರ ಮೇಲೆ ಬ್ರೆಡ್ ಹೊದಿಸಿದ್ರೆ ಅವರ ಮಾತು ಎಲ್ಲೂ ಹೋಗಲ್ಲ. ಅಕ್ಕನದು ಹೋಗುತ್ತೆ. ಪೂರ್ತಿ ಹೋಗುತ್ತೆ. ಕಣ್ಣು ಮುಚ್ಚಿಕೊಂಡು ಓಕೆ ಮಾಡಿದ ಮಹಾಜ್ಞಾನಿ ನಾನು. ಅವಳ ಸ್ವಂತ ತಂಗಿ!

"ನೀನು ಮಾತಾಡುವಾಗ ಬಾಯಿಗೆ ಬಟ್ಟೆ ತುರುಕಿ ಬಸ್ಸಿನ ಹಾರ್ನ್ ಹಾಕಿದ್ರೆ ಹೇಗಿರುತ್ತೆ?" ಅಂದ್ಲು. ಆಮೇಲೆ ನಾನು ಓದಿದ್ದನ್ನ ಬರೆದು ಕೊಡು ಅಂದ್ಲು. ಕೊಟ್ಟೆ. ಓದಿದ್ಲು. ಭಾವ ಹೆಗಲ ಮೇಲಿಂದ ಬಗ್ಗಿ ಓದಿ, "ನಾನೂ ಇಲ್ವಾ?" ಅಂದ್ರು ಪಾಪ.

ಅಕ್ಕನ ಕೈ ನಿಧಾನವಾಯ್ತು. ಬೈಯುವಾಗ ಅವಳ ಕೈ ಜೋರು, ಇದು ಬೈಗುಳ ಅಲ್ಲ. "ಯಾವಾಗ್ಲೂ ಸೋಸ್ತೀಯ ನೀನು. ನಾನು ಹೇಳಿದ್ದು ಒಂದು, ಜನಕ್ಕೆ ಮುಟ್ಟೋದು ನಿನಗೆ ಬೇಕಾದ್ದು. ತೆಗೆದುಹಾಕು ಇದನ್ನ. ಸ್ನೇಹಿತರಿಗೆಲ್ಲ ನಾನು ಯಾವ ಮುಖ ತೋರಿಸ್ಲಿ?"

ನಿಜ ಹೇಳಿದ್ಲು.

ಮಾರ್ಚ್ 18, ಬುಧವಾರ

ಮೂರು ದಿನ ನನ್ನ ಮೆಸೇಜಿಗೆ ಉತ್ತರ ಇಲ್ಲ. ಇವತ್ತು ಸಂಜೆ ಸೀದಾ ಅವಳ ಮನೆಗೆ ಹೋದೆ. ಕ್ಷಮೆ ಕೇಳೋಕೆ ಶುರು ಮಾಡಿದೆ, ನಾಕು ಮಾತಲ್ಲಿ ಮುಗಿಸು ಅಂದ್ಲು. ಮುಗಿಸಿದೆ. ಆಮೇಲೆ ದಾರೀಲಿ ಹೊಳೆದದ್ದು ಹೇಳಿದೆ.

ನನ್ನ ದನಿ ಬೇಡ. ಬಸ್ಸು ಬೇಡ. ಸದ್ದೇ ಬೇಡ! ಆರು ನಿಮಿಷ, ಗೋಡೆ ತುಂಬ, ಬರೀ ನೀನು. ಕೆಳಗೆ ಅಕ್ಷರ. ಅಕ್ಷರ ನೀನೇ ಪಾಸು ಮಾಡ್ಬೇಕು, ಒಂದೊಂದು ಸಾಲೂ.

"ಟಾರ್ಚ್ ಕಥೆ?" ಅಂದ್ಲು.

"ಪೂರ್ತಿ."

"ಅಮ್ಮ?"

"ಅಮ್ಮನ ಯೋಚನೆ ನಿಂದು, ನಂದಲ್ಲ."

ಭಾವ ಎದ್ದು ಚಹಾ ಇಟ್ರು. ಅಂದ್ರೆ ಒಪ್ಪಿಗೆ!

ಮಾರ್ಚ್ 20, ಶುಕ್ರವಾರ

ಎರಡು ದಿನ ನಾನು, ಅಕ್ಕ, ಕತ್ತರಿ ಒಂದೇ ಟೇಬಲ್ಲಿಗೆ ಅಂಟಿಕೊಂಡು ಕೂತಿದ್ದೀವಿ. ನಾನು "ಆತ್ಮೀಯತೆ ಬೆಳೆಯಿತು" ಅಂತ ಬರೆದೆ. ಅಕ್ಕ ತಲೆ ಮೇಲೆ ಮೊಟಕಿದ್ಲು. "ಅವನು ನನಗೆ ಇಷ್ಟ ಆದ ಅಂತ ಬರಿ." ಬರೆದೆ. ಕತ್ತರಿ ಮೂರು ಬೈಗುಳ ಕಲಿತಿದ್ದಾನೆ, ಎರಡೂ ಕೈಯಲ್ಲಿ ಚೆನ್ನಾಗಿ ಬೈತಾನೆ.

ಮೇಡಂ ಮಾತ್ರ ಜಪ್ಪಯ್ಯ ಅಂದ್ರೂ ಪೂರ್ತಿ ಒಪ್ಪಲಿಲ್ಲ. "ಸದ್ದಿಲ್ಲ ಅಂದ್ರೆ ಜನ ಕೆಟ್ಟುಹೋಗಿದೆ ಅಂದ್ಕೋತಾರಮ್ಮ. ಎದ್ದು ಹೋಗ್ತಾರೆ. ಹಳೇದೂ ರೆಡಿ ಇರ್ಲಿ. ಗಲಾಟೆ ಆದ್ರೆ ಅದನ್ನೇ ಓಡಿಸ್ತೀನಿ." ಅಂದ್ರೆ ಅಕ್ಕನ ಸ್ನೇಹಿತರೆಲ್ಲರ ಎದುರಿಗೇ ಅಕ್ಕನ ಕೈ ಕತ್ತರಿಸಿ, ನನ್ನ ದನಿ. ದೇವರೇ. ಧ್ವನಿ ಕೆಲಸದವಳು ನಾನು, ಸದ್ದಿಲ್ಲದ್ದಕ್ಕೆ ಹರಕೆ ಹೊತ್ತು ಕೂತಿದ್ದೀನಿ!

ಮಾರ್ಚ್ 22, ಭಾನುವಾರ. ಬೆಳಿಗ್ಗೆ

ಬರೀತೀನಿ, ಬರೀತೀನಿ, ನಿನ್ನೆ ಸಂಜೆ ಪ್ರದರ್ಶನದ್ದು ಎಲ್ಲ ಬರೀತೀನಿ.

ಗೋದಾಮು ಭರ್ತಿ. ಬಸ್ ನಿಲ್ದಾಣದ ಗುಂಪು ಮುಂದಿನ ಎರಡು ಸಾಲು ಹಿಡಿದು ಬಿಟ್ಟಿತ್ತು. ಅಮ್ಮ ನನ್ನ ಪಕ್ಕ. ಬೇಕರಿಗೆ ಚಪ್ಪಾಳೆ ಬಿತ್ತು. ಆಮೇಲೆ ಅಕ್ಕ.

ಗೋಡೆ ತುಂಬ ಅಕ್ಕ! ಅಷ್ಟುದ್ದ ಕೈ! 

ಹಿಂದಿನಿಂದ ಒಬ್ಬ, "ಸೌಂಡ್!" ಅಂದ. ಇನ್ನೊಬ್ಬ ಶಿಳ್ಳೆ ಹಾಕಿದ. "ಸೌಂಡ್ ಹಾಕ್ರಪ್ಪ!" ಕುರ್ಚಿ ಎಳೆಯೋ ಸದ್ದು. ಹಳೇದು ಹಾಕು ಅಂತ ಮೇಡಂ ಕತ್ತರಿ ಕಡೆ ಕೈ ಎತ್ತಿದ್ರು. ನಾನು ಎಲ್ಲರ ಕಾಲು ತುಳಿದು ಓಡಿದೆ. ಕಂಪ್ಯೂಟರ್ ಮುಂದೆ ಅಡ್ಡ ನಿಂತೆ. "ಮೇಡಂ, ಒಂದೇ ನಿಮಿಷ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ." ಅಂದೇಬಿಟ್ಟೆ!

ಅಷ್ಟರಲ್ಲಿ ಮುಂದಿನ ಎರಡು ಸಾಲು ನಕ್ಕವು. ಎಂಥಾ ನಗು ಅದು! ತಾವು ಎಷ್ಟು ಜೋರಾಗಿ ನಗ್ತೀವಿ ಅಂತ ಗೊತ್ತಿಲ್ಲದವರ ನಗು, ಸೂರು ಹಾರಿಹೋಗೋ ಹಾಗೆ. ಹಿಂದಿನವರು ತೆಪ್ಪಗಾದ್ರು. ಏನು, ಏನು ಮಿಸ್ ಆಯ್ತು? ಆಮೇಲೆ ಅಕ್ಷರ ಓದಿದ್ರು, ಟಾರ್ಚ್ ಆರಿಸೋದು. ತಡವಾಗಿ ಅವರೂ ನಕ್ಕರು. ಆಮೇಲೆ ಒಂದು ಕುರ್ಚಿಯೂ ಅಲುಗಲಿಲ್ಲ. ಮೇಡಂ ಕೈ ಇಳಿಸಿ, ಕಣ್ಣು ಒರೆಸ್ಕೊಂಡ್ರು.

ಭಾವನ ಸಾಲು ಬಂತು. "ಅವನು ನನಗೆ ಇಷ್ಟ ಆದ. ಅಮ್ಮ ಆಮೇಲೆ ಹುಡುಕಿದಳು." ಮುಂದಿನ ಸಾಲಿನವರೆಲ್ಲ ಭಾವನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ನಾನು ದೂರದಿಂದ ಅಮ್ಮನ ಮುಖ ನೋಡ್ದೆ. ಬಾಯಿ ತೆರೆದಿತ್ತು, ಮುಚ್ಚಲೇ ಇಲ್ಲ.

ಮುಗಿದ ಮೇಲೆ ಜನ ಅಕ್ಕನನ್ನ ಮುತ್ತಿಕೊಂಡ್ರು. ಯಾರೋ ಹೆಂಗಸು ನನ್ನ ಹತ್ರ ಬಂದು "ಅವರನ್ನ ಸ್ವಲ್ಪ ಕೇಳ್ತೀರಾ" ಅಂದ್ಲು. ಬಾಯಿ ತೆರೆದೆ, ಅಭ್ಯಾಸ. ಮುಚ್ಚಿದೆ. "ಅಲ್ಲೇ ಇದ್ದಾಳೆ, ನೀವೇ ಕೇಳಿ." ಇಬ್ಬರೂ ಫೋನಲ್ಲಿ ಬರೆದು ತೋರಿಸ್ಕೊಂಡು ಅರ್ಧ ಗಂಟೆ ನಕ್ಕರು.

ಅಮ್ಮ ಗುಂಪು ಸೀಳಿಕೊಂಡು ಬಂದ್ಲು. ಮುಖ ಕೆಂಪು. ಅಕ್ಕನ ಮುಂದೆ ನಿಂತ್ಲು. ನಿಂತು, ನನ್ನ ಕಡೆ ತಿರುಗಿದ್ಲು. "ಕೇಳೇ ಇವಳನ್ನ, ಇಷ್ಟು ವರ್ಷ ನನ್ನ ಹತ್ರ ಯಾಕೆ ಮುಚ್ಚಿಟ್ಲು ಅಂತ ಕೇಳು."

"ನೀನೇ ಕೇಳಮ್ಮ," ಅಂದೆ.

"ನನಗೆಲ್ಲಿ ಬರುತ್ತೆ..." ಅಂದ್ಲು. ಅಂದು, ಚೀಲ ನನ್ನ ಕೈಗೆ ಕೊಟ್ಲು. ಎರಡೂ ಕೈ ಎತ್ತಿದ್ಲು. ತಪ್ಪುತಪ್ಪಾಗಿ, ಒಂದೊಂದೇ ಸನ್ನೆ, ನೀನು... ನನಗೆ... ಯಾಕೆ... ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅಮ್ಮನ ಕೈಯನ್ನೇ ನೋಡ್ತಾ ನಿಂತ್ಲು, ಕಣ್ಣೀರು ಸುರೀತಿತ್ತು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳೋ ಹಾಗೆ ನಿಧಾನವಾಗಿ, ಅವಳು ಅಮ್ಮನಿಗೆ ಹೇಳಿದ್ದು —

ಬೇಡ. ಅದು ಅವರಿಬ್ಬರ ಮಾತು. ಬರೆಯಲ್ಲ.