ಗಿಣ್ಣದ ಡಬ್ಬಿ ತಿರುಗಿದ ಓಣಿ

ಮೇ 12, ಸೋಮವಾರ

ಇವತ್ತೂ ಬೇಡಕಿಹಾಳದಿಂದ ನಿಪ್ಪಾಣಿವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಲೈಬ್ರರಿ ಕೆಲಸ ಸಿಕ್ಕಾಗಿನಿಂದ ಇದೇ ಪಾಡು. ಜೂನ್‌ಗೆ ತಂಗಿ ಕೋಮಲಳ ಕಾಲೇಜೂ ಅಲ್ಲೇ. ಅದಕ್ಕೇ ಮನೆಯನ್ನೇ ನಿಪ್ಪಾಣಿಗೆ ಬದಲಿಸುತ್ತಿದ್ದೇವೆ. ಎಮ್ಮೆ ಮಾತ್ರ ತೋಟದಲ್ಲಿ. ಅಪ್ಪ ದಿನಾ ಬೈಕಿನಲ್ಲಿ ಹೋಗಿಬರುತ್ತಾನಂತೆ.

ಬಾಡಿಗೆಗೆ ಎರಡು ಮನೆ ನೋಡಿದ್ದೇವೆ. ಒಂದು ಹೊಸ ಕಾಲನಿಯಲ್ಲಿ — ಎಲ್ಲ ನಮ್ಮ ಜನವೇ, ಗೇಟುಗಳೂ ಒಂದೇ ಥರ. ಇನ್ನೊಂದು ಊರಂಚಿನ ಹಳೇ ಓಣಿಯಲ್ಲಿ. ಅಲ್ಲಿ ಮರಾಠಿಯವರು, ಮುಸ್ಲಿಮರು, ಜೈನರು, ಉಗಾರದ ಸಕ್ಕರೆ ಕಾರ್ಖಾನೆಯಿಂದ ಬಂದ ರಿಟೈರ್ಡ್ ಫಿಟರ್... ನಡುವೆ ಬೇವಿನ ಕಟ್ಟೆ.

"ನಮ್ಮ ಮಂದ್ಯಾಗ ಇದ್ರ ಛಲೋ," ಅಂದ ಅಪ್ಪ. ಭಾನುವಾರ ಕಾಲನಿಗೆ ಮಾತು ಕೊಡುತ್ತಾನಂತೆ.

ನನಗೆ ಓಣಿ ಬೇಕು. ಅಷ್ಟು ಜನ ಮಾತಾಡುವಲ್ಲಿ ನಾನು ಸುಮ್ಮನಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಹೇಳಿಲ್ಲ.

ಮೇ 15, ಗುರುವಾರ

ಎಮ್ಮೆ ಈದಿದೆ. ಹೆಣ್ಣು ಕರು!

ಅವ್ವ ಹೊಸ ಉಪಾಯ ತೆಗೆದಳು. "ಎರಡೂ ಕಡೆ ಗಿಣ್ಣ ಕೊಟ್ಟು ನೋಡೂಣು. ಡಬ್ಬಿ ಹೆಂಗ ಬರತೈತಿ ಅನ್ನೂದರಾಗ ಗೊತ್ತಾಕ್ಕೈತಿ."

ಗಿಣ್ಣ ತಂದ ಡಬ್ಬಿಯನ್ನು ತೊಳೆಯಬಾರದು, ಖಾಲಿ ಮರಳಿಸಬಾರದು. ಚೂರು ಬೆಲ್ಲವಾದರೂ ಹಾಕಬೇಕು. ಇಲ್ಲದಿದ್ದರೆ ಎಮ್ಮೆ ಬತ್ತುತ್ತದೆ — ಅವ್ವನ ನಂಬಿಕೆ. ಅಪ್ಪ ನಕ್ಕ. ಆದರೆ ಬೇಡ ಅನ್ನಲಿಲ್ಲ, ಎಮ್ಮೆಯ ವಿಷಯ ನೋಡು.

ಮೇ 16, ಶುಕ್ರವಾರ

ಅವ್ವನ ಹೆಸರು ಕೆತ್ತಿದ ಎರಡು ಸ್ಟೀಲ್ ಡಬ್ಬಿ ಹೊತ್ತು ಹೋದೆ.

ಕಾಲನಿಯಲ್ಲಿ ರುಕ್ಮವ್ವ ಎಂಬವರು ಸೋಫಾದ ಮೇಲೆ ಕೂರಿಸಿದರು. ಚಹಾ ಆರುವುದರೊಳಗೆ ನಮ್ಮೆರಡು ಮನೆಗಳ ನಡುವೆ ಮೂರು ಬೀಗತನ ಹುಡುಕಿದರು. ಒಳ್ಳೆಯವರೇ.

ಓಣಿಯಲ್ಲಿ ಟೇಲರ್ ಶಿವಾಜಿಯ ತಾಯಿ — ಎಲ್ಲರಿಗೂ ಆಜಿ — ಮುಚ್ಚಳ ತೆಗೆದು ಓಣಿಗೆಲ್ಲ ಕೇಳುವಂತೆ, "ಅಗಾ, ಖರವಸ!" ಎಂದು ಕೂಗಿದಳು; ಮರಾಠಿಯಲ್ಲಿ ಗಿಣ್ಣಕ್ಕೆ ಹಾಗೆನ್ನುತ್ತಾರೆ. ಬಾಗಿಲುಗಳು ತೆರೆದವು. ನಾನು ಓಡಿಬಂದೆ.

ಮೇ 17, ಶನಿವಾರ

ಕಾಲನಿಯ ಡಬ್ಬಿ ಫಳಫಳ. ಖಾಲಿ. ಸೋಪಿನ ವಾಸನೆ. ಅವ್ವನ ಮುಖ ನೋಡಲಾಗಲಿಲ್ಲ.

"ಸ್ವಚ್ಛ ಮಂದಿ," ಅಂದ ಅಪ್ಪ.

ಓಣಿಯಲ್ಲಿ ಡಬ್ಬಿಯೇ ಇಲ್ಲ! "ಇನ್ನ ತಿರಗಾಕತ್ತೈತಿ ಪೋರೀ, ನಾಳಿ ಬಾ," ಅಂದಳು ಆಜಿ. ಎಲ್ಲಿ, ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

"ನೋಡಿದ್ಯಾ? ಡಬ್ಬೀನ ಕಳದ್ರು!" ಅಪ್ಪನಿಗೆ ಖುಷಿಯೋ ಖುಷಿ. "ನಾಳಿ ಕಾಲನಿಗೇ ಮಾತು ಕೊಡೂದು."

ಈಗಲೇ ಹೇಳಬೇಕು ಅನ್ನಿಸಿತು. ಬಾಯಿ ತೆರೆದೆ.

"ಅಪ್ಪಾ... ಚಹಾ ಮಾಡ್ಲೇನು?"

ಎಂ.ಎ. ಓದಿದ್ದು ಇದಕ್ಕೆ.

ಮೇ 18, ಭಾನುವಾರ

ಅಪ್ಪನ ಬೈಕು ಕಾಲನಿಯತ್ತ. ಹಿಂದೆ ನಾನು. ಓಣಿಯ ತಿರುವು ಬಂತು. ದಾಟುತ್ತಿತ್ತು...

"ಅಪ್ಪಾ, ಗಾಡಿ ನಿಂದರಸು!"

ಇಷ್ಟು ಜೋರು ದನಿ ನನ್ನದೇ? ಅಪ್ಪ ಬ್ರೇಕ್ ಹಾಕಿ ತಿರುಗಿ ನೋಡಿದ.

"ನನಗ ಈ ಓಣಿ ಬೇಕು."

ಡಬ್ಬಿ ಕಟ್ಟೆಯ ಮೇಲೇ ಇತ್ತು. ಮುಚ್ಚಳ ಕೂರದಷ್ಟು ತುಂಬಿತ್ತು — ಬೆಲ್ಲ, ಶೇಂಗಾ, ಖರ್ಜೂರ, ಕಲ್ಲುಸಕ್ಕರೆ. ಗಿಣ್ಣ ಮನೆಮನೆಗೆ ಹೋಗಿ, ಪ್ರತಿ ಮನೆಯೂ ಏನೋ ಹಾಕಿ ಮುಂದೆ ಕಳಿಸಿದೆ. ಅಂಚಿನಲ್ಲಿ ಗಿಣ್ಣದ ಒಣಕೆನೆ, ಒಂದೆರಡು ಇರುವೆ ಕೂಡ.

"ತೊಳದಿಲ್ರಿ ಮತ್ತ," ಅಂದಳು ಖರ್ಜೂರ ಹಾಕಿದ ಮನೆಯ ಮೆಹರೂನ. "ನಮ್ಮ ತವರೂರು ಕುಡಚ್ಯಾಗೂ ತೊಳ್ಯಾಂಗಿಲ್ಲ."

ಅಪ್ಪ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಚೀಪಿದ.

"ಪೋರಿ ಮಾತಾಡ್ತಾಳೇನೋ ಭರಮು, ಇಲ್ಲ?" ಮನೆ ನೋಡಲು ಹೋದಾಗಲೇ ಅಪ್ಪನ ಹೆಸರು ಕೇಳಿಟ್ಟುಕೊಂಡಿದ್ದ ಆಜಿ ಕೇಳಿದಳು.

"ಇವತ್ತ ಮಾತಾಡ್ಯಾಳ್ರಿ," ಅಂದ ಅಪ್ಪ. "ಮನೀ ಕೀಲಿ ಯಾರ ಹತ್ರ ಐತ್ರಿ?"

ಜೂನ್ 8, ಓಣಿ

ಮೂರು ವಾರ ಬರೆಯಲು ಪುರುಸೊತ್ತಾಗಲಿಲ್ಲ. ಸುಮ್ಮನಿರಬಹುದು ಅಂದುಕೊಂಡಿದ್ದೆ, ಇಲ್ಲಿ ಯಾರು ಬಿಡುತ್ತಾರೆ! ಎಮ್ಮೆ ಚೆನ್ನಾಗಿ ಹಾಲು ಕೊಡುತ್ತಿದೆ. ಅವ್ವ ಸ್ನಾನಕ್ಕೆ, ಅಪ್ಪ ತೋಟಕ್ಕೆ, ಕೋಮಲ ಎಲ್ಲೋ.

ಬಾಗಿಲು ಬಡಿಯುತ್ತಿದ್ದಾಳೆ ಆಜಿ. "ರಾಜೀ, ಹೆಪ್ಪು ಐತೇನ ಗ?"

ನಾನೇ ಹೋಗಬೇಕು. ಕನ್ನಡದಲ್ಲಿ ಹೇಳಲೋ, ಮರಾಠಿಯಲ್ಲೋ... ಇರಲಿ, ಮೊದಲು ಬಾಗಿಲು —