ಮನಾಲಿಗೆ ಎರಡು ಕಂಬಳಿ

ಚಳ್ಳಕೆರೆ

ಸೊಸೆ ಶಿಲ್ಪಳಿಗೆ ಅತ್ತೆಯ ಆಶೀರ್ವಾದ.

ನಿನ್ನ ಗಂಡ ಗೋವರ್ಧನನ ಕೈಯಲ್ಲಿ ಎರಡು ಕಂಬಳಿ ಕಳಿಸಿದ್ದೇನೆ. ಮನಾಲಿಯಲ್ಲಿ ಹಗಲೆಲ್ಲ ಹಿಮದ ಮೇಲೆ ಸ್ಕೀ ಆಡಿ ಬಂದ ಮೇಲೆ ಹೊದೆಯಲು ಬೇಕಾಗುತ್ತವೆ.

ಯುಗಾದಿಯ ದಿನ ನೀನು ಈ ಪ್ರವಾಸಕ್ಕೆ ನಿಮ್ಮಿಬ್ಬರ ಜೊತೆ ನನಗೂ ಸೀಟು ಬುಕ್ ಮಾಡಲು ಹೊರಟಾಗ ನಾನು ನೆಂಟರೆದುರು ನಿನ್ನನ್ನು ಗೇಲಿ ಮಾಡಿದೆ. "ಚಳಿಗಾಲದ ಮಂಜಿಗೆ ಬ್ಯಾಸಿಗೇಲೇ ದುಡ್ಡು ಕಟ್ತಾರೇನೇ? ನನ್ ಹೆಸರು ತೆಗಿ" ಎಂದೆ.

"ಉಣ್ಣೆ ಅಗ್ಗ ಇದ್ದಾಗ್ಲೇ ಹಿಡಿಬೇಕು ಅಂತ ನೀವೇ ಕಲಿಸಿದ್ರಲ್ಲ ಅತ್ತೆ" ಎಂದು ನೀನು ಮೆಲ್ಲಗೆ ಹೇಳಿದೆ. ಎಲ್ಲರೂ ನಕ್ಕರು. ನಾನು ಎದ್ದು ಒಳಗೆ ಹೋದೆ.

ನಿನ್ನ ಮಾತು ನಿಜ. ಕಂಬಳಿ ಮಗ್ಗ ನಡೆಸಿದಷ್ಟು ಕಾಲವೂ ಕುರಿಗಳ ಉಣ್ಣೆ ಕತ್ತರಿಸುವ ಹೊತ್ತಿಗೇ ನಾನು ಖರೀದಿ ಮುಗಿಸುತ್ತಿದ್ದೆ. ಹಿಮ ನೋಡುವ ಆಸೆ ನನಗೂ ಇತ್ತು. ಅದು ನೆಂಟರಿಗೆ ತಿಳಿದೀತೆಂದೇ ನಿನ್ನ ಮೇಲೆ ರೇಗಿದೆ.

ಮೊನ್ನೆ ಪಕ್ಕದ ಮನೆಯವರಿಗೆ ಎಂದು ಸುಳ್ಳು ಹೇಳಿ, ಈಗ ಸೀಟು ಸಿಗುತ್ತದೆಯೇ ಎಂದು ಗೋವರ್ಧನನನ್ನು ಕೇಳಿದೆ. ಮೂರು ಪಟ್ಟು ರೇಟಂತೆ. ಅಷ್ಟು ದುಡ್ಡು ಬೇಡವೆಂದು ಬಿಟ್ಟೆ. ಈ ಕಾಗದವನ್ನು ಅವನಿಗೆ ತೋರಿಸಬೇಡ.

ಬರುವ ಯುಗಾದಿಗೆ, ಅಗ್ಗವಿರುವಾಗಲೇ, ನನ್ನ ಹೆಸರನ್ನೂ ಸೇರಿಸು. ನನ್ನನ್ನು ಕೇಳಬೇಡ. ಕೇಳಿದರೆ ಬೇಡವೆಂದೇ ಹೇಳುತ್ತೇನೆ.

ಸೂರಮ್ಮ