ಪುಸ್ತಕದ ಪೆಟ್ಟಿಗೆಯೂ ಬಾಂಡೆ ಸಾಮಾನೇ

ಬೆಟಗೇರಿ
ಕಡೆಯ ಕಾರ್ತೀಕ ಸೋಮವಾರ, ೧೭ ನವೆಂಬರ್ ೨೦೨೫

ಚಿರಂಜೀವಿ ಸುಶ್ಮಿತಾಗೆ,

ಮುಂದೆ ನಿನಗೆ ಅತ್ತಿಯಾಗುವ ನೀಲಗಂಗವ್ವನ ತುಂಬು ಮನಸ್ಸಿನ ಆಶೀರ್ವಾದ. ಮುಂಜಾನೆ ಲಿಂಗಪೂಜೆ ಮುಗಿಸಿ ಗಿರಣಿಗೆ ಬಂದೆ, ಬಂದ ಕೂಡಲೇ ಕರೆಂಟು ಹೋಯಿತು. ಜೋಳದ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹಾಳೆಗೆ ಹಿಟ್ಟು ಹತ್ತಿದ್ದರೆ ಝಾಡಿಸಿಕೋ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಕಣಗಿನಹಾಳದ ಸಾಲಿಯಲ್ಲಿ ಏಳನೆಯ ಇಯತ್ತೆಗೆ ನಿಂತ ಕೈ ಇದು.

ಫೋನು ಮಾಡಬಹುದಿತ್ತು. ಆದರೆ ನೀನು ಫೋನು ಎತ್ತಿದಾಗಲೆಲ್ಲ ನಿಮ್ಮ ಅವ್ವ ಪಕ್ಕದಲ್ಲಿಯೇ ಇರುತ್ತಾರೆ. ನೀನು "ಹೂನ್ರಿ, ಆತ್ರಿ" ಅನ್ನುವುದನ್ನು ಬಿಟ್ಟು ಬೇರೆ ಮಾತು ಆಡುವುದಿಲ್ಲ. ಅದಕ್ಕೇ ಈ ಕಾಗದ. ನನ್ನ ಮಗ ಮಲ್ಲುನ ಗೆಳೆಯ ನಯಾಜ ನಾಳೆ ಟೆಂಪೋದಲ್ಲಿ ನಿಮ್ಮ ಶಿರಹಟ್ಟಿಗೆ ಸಾಮಾನು ಒಯ್ಯುತ್ತಾನೆ, ಅವನ ಕೈಗೆ ಕೊಡುತ್ತೇನೆ. ಮಲ್ಲುನ ಕೈಗೆ ಕೊಟ್ಟರೆ ದಾರಿಯಲ್ಲಿ ಒಡೆದು ಓದಿಬಿಡುತ್ತಾನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹೋದ ವಾರ ನಿಮ್ಮ ಅವ್ವ ಫೋನು ಮಾಡಿದ್ದರು. "ಬೀಗ್ತೇರ, ನೀವು ಏನೂ ಚಿಂತಿ ಮಾಡಬ್ಯಾಡ್ರಿ. ಅಕಿ ಹಂತೇಕ ಒಂದ ಪೆಟಗಿ ತುಂಬ ಜಪಾನದ ಚಿತ್ರದ ಪುಸ್ತಕ ಅದಾವು. ತಗದ್ರ ಬರೇ ಖೂನಿ, ಬರೇ ಹೆಣ. ಮದಿವಿ ಹಂದರ ಹಾಕೂದರಾಗ ಎಲ್ಲಾ ಬಚ್ಚಲದ ನೀರೊಲಿಗೆ ಹಾಕಿಬಿಡ್ತೀನಿ" ಎಂದರು. ಅಂಥ ಪೆಟ್ಟಿಗೆಯೊಂದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ನಿಮ್ಮ ಮಗಳು, ನಿಮ್ಮ ಮನೆ ಎಂದುಕೊಂಡು ಫೋನು ಇಟ್ಟುಬಿಟ್ಟೆ.

ಅವತ್ತು ಮಧ್ಯಾಹ್ನ ಲೇಥ್ ಅಂಗಡಿಯಿಂದ ಊಟಕ್ಕೆ ಬಂದ ಮಲ್ಲು ಕೈ ಕೂಡ ತೊಳೆಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟ. ರೊಟ್ಟಿ ಹಾಕಿದೆ, ಮುಟ್ಟಲಿಲ್ಲ. ಕೇಳಿ ಕೇಳಿ ಸಾಕಾದ ಮೇಲೆ ಬಾಯಿ ಬಿಟ್ಟ. "ಪೆಟಗಿ ಸುಟ್ರ ನಾ ಮದಿವ್ಯಾಗೂದಿಲ್ಲ ಅಂತಾಳಬೇ ಅಕಿ."

"ನೀ ಏನಂದಿ?"

"ನಮ್ಮವ್ವನ್ನ ಕೇಳ್ತೀನಿ ಅಂದೆ."

"ಇಷ್ಟುದ್ದ ಮೀಸಿ ಬಂದಾವ, ಇನ್ನೂ ಅವ್ವನ್ನ ಕೇಳ್ತೀ ಏನಲೇ?" ಎಂದು ಬೈದೆ. ಬೈದೆ ಖರೆ, ಆದರೆ ನನಗೂ ಚಿಂತೆ ಹತ್ತಿತು. ನಿಶ್ಚಯ ಆಗಿ, ಜವಳಿ ತಂದು, ಊರಿಗೆಲ್ಲ ಹೇಳಿದ ಮೇಲೆ ಒಂದು ಪೆಟ್ಟಿಗೆಗಾಗಿ ಮದುವೆ ಮುರಿಯುತ್ತದೆಯೇ? ಸಿಟ್ಟೂ ಬಂತು. ಅಂಥಾದ್ದು ಏನಿದೆ ಅದರಲ್ಲಿ ನೋಡಿಯೇ ಬಿಡೋಣ ಎಂದು, "ನಿನ್ನ ಹಂತೇಕ ಒಂದರ ಐತೇನ? ತಗೊಂಬಾ" ಎಂದೆ. ನೀನು ಅವನಿಗೆ ಓದಲು ಕೊಟ್ಟದ್ದು ಸ್ಪ್ಯಾನರಿನ ಡಬ್ಬಿಯಲ್ಲಿ ಇತ್ತು. ತಂದುಕೊಟ್ಟು, ಕೆಲಸಕ್ಕೆ ಹೋಗಿಬಿಟ್ಟ.

ಇಂಗ್ಲಿಷ್ ಅಕ್ಷರ ನನಗೆ ಬಸ್ಸಿನ ಬೋರ್ಡಿನಷ್ಟು ಗೊತ್ತು, ಅಷ್ಟೇ. ಚಿತ್ರ ಮಾತ್ರ ನೋಡುತ್ತ ಹೋದೆ. ಹೆಸರು ಓದಲು ಬಾರದ್ದಕ್ಕೆ ಎಲ್ಲರಿಗೂ ನಾನೇ ಹೆಸರಿಟ್ಟೆ. ಆ ತೆಳ್ಳನೆಯ ಹುಡುಗ ವೀರು. ಬಾಗಿದ ಬೆನ್ನಿನ ಮುದುಕಿ ಮಾಳವ್ವ. ತೋಳು ಹರಿದ ಕೋಟಿನ ಪೊಲೀಸ ಹುಚ್ಚೀರಪ್ಪ. ಗಂಟೆ ಎರಕ ಹೊಯ್ಯುವವನು ಯಜಮಾನ. ಮೊದಲ ಹಾಳೆಯಲ್ಲಿ ಮಾಳವ್ವ ಜೈಲಿನ ಬಾಗಿಲ ಮುಂದೆ ಅನ್ನದ ಬಟ್ಟಲು ಇಡುತ್ತಾಳೆ. ಆಮೇಲೆ ಹುಚ್ಚೀರಪ್ಪ ಹುಡುಗನ ಕೈಗೆ ಹಗ್ಗ ಹಾಕಿದ್ದಾನೆ. ಅಲ್ಲಿಂದ ಮುಂದೆ ಯಜಮಾನ ಗಂಟೆಯ ಕೆಳಗೆ ರಕ್ತದಲ್ಲಿ ಬಿದ್ದಿದ್ದಾನೆ. ಪುಸ್ತಕ ಮುಚ್ಚಬೇಕು ಎನ್ನುವಷ್ಟರಲ್ಲಿ ಹಾಳೆ ತಿರುವಿದೆ. ಸತ್ತವನು ಎದ್ದು ನಿಂತಿದ್ದ! ಮುಂದಿನ ಹಾಳೆಗಳಲ್ಲಿ ಇಬ್ಬರೂ ನಗುತ್ತ ಕೂಡಿ ಎರಕ ಹೊಯ್ಯುತ್ತಿದ್ದಾರೆ. ಹುಡುಗ ಸಣ್ಣವನಾಗುತ್ತ, ಸಣ್ಣವನಾಗುತ್ತ, ಕಡೆಯ ಹಾಳೆಯಲ್ಲಿ ಕೂಸಿನಂಥವನಾಗಿ ಮಳೆಯಲ್ಲಿ ಮಾಳವ್ವನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆಕೆ ಅನ್ನದ ಬಟ್ಟಲು ಕೊಡುತ್ತಾಳೆ. ಸತ್ತವನಿಗೆ ದೇವರು ಜೀವ ಕೊಟ್ಟ, ತಪ್ಪು ಮಾಡಿದವನಿಗೆ ಮರುಜನ್ಮ ಕೊಟ್ಟ ಎಂದುಕೊಂಡು ನಾನು ಪುಸ್ತಕಕ್ಕೆ ಕೈ ಮುಗಿದೆ.

ಬೀಸಲು ಬಂದ ಹೆಣ್ಣುಮಕ್ಕಳಿಗೂ ಇದೇ ಕಥೆಯನ್ನು ಹೇಳಿದೆ. ಹಿಟ್ಟು ಬೀಸಿ ಆರಿದರೂ ಒಬ್ಬರೂ ಎದ್ದು ಹೋಗಲಿಲ್ಲ. ಒಬ್ಬಾಕೆ ಕಣ್ಣು ಒರಸಿಕೊಂಡು, "ಎಷ್ಟ ಚಂದ ಪುಣ್ಯದ ಕಥಿ ಬರದಾರಬೇ ಜಪಾನದ ಮಂದಿ" ಎಂದಳು.

ಸಂಜೆ ಮಲ್ಲು ಬಂದವನು ಕೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೆ ಕುಳಿತ. "ಯವ್ವಾ, ಅದನ್ನ ಬಲಗಡಿಂದ ಓದಬೇಕಬೇ! ನೀ ಕಡೇದ್ದನ್ನ ಮದಲ ಮಾಡೀದಿ!"

ಪುಸ್ತಕವನ್ನು ಬಲಗಡೆಯಿಂದ ತೆಗೆಯುವ ದೇಶ ಇದೆ ಎಂದು ಕಣಗಿನಹಾಳದ ಸಾಲಿಯಲ್ಲಿ ಯಾವ ಮಾಸ್ತರರೂ ಹೇಳಿರಲಿಲ್ಲ. ಮರುದಿನ ಮಲ್ಲುನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನು ಮಾತು ಮಾತಿಗೂ ಕನ್ನಡ ಮಾಡಿ ಹೇಳುತ್ತ ಹೋದಂತೆ, ಬಲಗಡೆಯಿಂದ ಓದಿದೆ. ಈ ಸಲ ಅಳುವವಳು ನಾನಾಗಿದ್ದೆ. ಅನ್ನ ಉಂಡ ಹುಡುಗ, ಕೆಲಸ ಕಲಿತ ಹುಡುಗ, ಯಜಮಾನನ ಜೊತೆ ನಕ್ಕ ಹುಡುಗ, ಅವನೇ ಕೊಂದದ್ದು. ಚಿತ್ರ ಬರೆದ ಆ ಪುಣ್ಯಾತ್ಮರು ಎಂಥ ಗಟ್ಟಿಗರು ನೋಡು. ನಮ್ಮ ಟೀವಿ ಧಾರಾವಾಹಿಯಲ್ಲಿ ಕೆಟ್ಟವಳು ಬರುವ ಮೊದಲೇ ಡಬ ಡಬ ಬಾರಿಸುತ್ತಾರೆ, ಆಕೆಯ ಕಣ್ಣಿಗೆ ಕಾಡಿಗೆ ಹಚ್ಚಿರುತ್ತಾರೆ. ನೋಡುವವರು ತಲೆಯನ್ನು ಮನೆಯಲ್ಲಿ ಇಟ್ಟು ಕುಳಿತರೂ ನಡೆಯುತ್ತದೆ. ಇಲ್ಲಿ ಹಾಗಿಲ್ಲ. ಮೊದಲು ಹುಡುಗನ ಮೇಲೆ ನಮಗೆ ಜೀವ ಹುಟ್ಟಿಸುತ್ತಾರೆ. ಆಮೇಲೆ ಅವನ ಕೈ ತೋರಿಸುತ್ತಾರೆ. ಯಜಮಾನ ದಿನಾ ಒಂದಿಷ್ಟು ಹೀಯಾಳಿಸುವುದು ನನ್ನ ಕಣ್ಣಿಗೆ ಬಿದ್ದೇ ಇತ್ತು, ನಕ್ಕು ಮುಂದೆ ಹೋಗಿದ್ದೆ. ತಿರುಗಿ ಆ ಹಾಳೆ ನೋಡಿದರೆ, ಎಲ್ಲರೂ ನಗುವಾಗ ಹುಡುಗನ ಬಾಯಿ ಮಾತ್ರ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಅಷ್ಟು ಸಣ್ಣ ಚೌಕದಲ್ಲಿ ಅಷ್ಟು ಬರೆದಿದ್ದಾರಲ್ಲ!

ಹುಚ್ಚೀರಪ್ಪನೂ ನನಗೆ ಬಹಳ ಸೇರಿದ. ಒಂದು ಸಲವೂ ಒದರುವುದಿಲ್ಲ. ಯಾರನ್ನು ಕೇಳಬೇಕಾದರೂ ಮೊದಲು ಕೂಡಿಸಿ ನೀರು ಕೊಡುತ್ತಾನೆ. ನಿನ್ನ ಮಾವನವರು ಮೊದಲು, "ಜ್ವಾಳಾ ಬೀಸೂ ಮನ್ಯಾಗ ಖೂನಿ ಪುಸ್ತಕ ಯಾಕಬೇ?" ಎಂದು ಮುಖ ಗಂಟು ಹಾಕಿದ್ದರು. ನಿನ್ನೆ ಗಿರಣಿಯ ಬೇರಿಂಗಿಗೆ ಎಣ್ಣೆ ಹಾಕುತ್ತ, ಬೇರೆ ಕಡೆ ನೋಡುತ್ತ, "ಆ ಪೊಲೀಸಂದು ಮುಂದಿನ ಪುಸ್ತಕದಾಗೂ ಐತಂತೇನ?" ಎಂದು ಕೇಳಿದರು.

ಸೇರದ್ದನ್ನೂ ಹೇಳಿಬಿಡುತ್ತೇನೆ. ಹುಡುಗಿಯರ ಲಂಗ ಇನ್ನೊಂದು ಗೇಣು ಉದ್ದ ಇದ್ದರೆ ಅವರ ಗಂಟೇನು ಹೋಗುತ್ತಿತ್ತು? ಮತ್ತೆ ಮಾಳವ್ವ ಹುಡುಗನ ಹೆಸರು ಪೊಲೀಸರಿಗೆ ಹೇಳಬಾರದಿತ್ತು, ಅನ್ನ ಹಾಕಿದ ಕೈ ಹಿಡಿದುಕೊಡಬಾರದು ಎಂದು ನೀನು ವಾದ ಮಾಡುತ್ತೀಯಂತೆ. ಮಲ್ಲು ಹೇಳಿದ. ಅದನ್ನು ನಾನು ಒಪ್ಪುವುದಿಲ್ಲ. ಆಕೆ ಹೇಳಿದಳು, ಹೇಳಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಜೈಲಿನ ಮುಂದೆ ಬಟ್ಟಲು ಹಿಡಿದು ಬಂದಳು. ಖರೆ ಹೇಳುವುದೂ ಅನ್ನ ಹಾಕುವುದೂ ಒಂದೇ ಕೈಯಿಂದ ಆಗುತ್ತದೆ ಎಂದು ಆ ಬರೆದವರು ತೋರಿಸಿದ್ದಾರೆ. ನೀನು ಬಂದ ಮೇಲೆ ಈ ವಿಷಯದ ಮೇಲೆ ನಾವಿಬ್ಬರೂ ಗಿರಣಿಯಲ್ಲಿ ಕುಳಿತು ಒಂದು ಜಗಳ ಆಡಬೇಕು. ಬೀಸಲು ಬಂದವರು ತೀರ್ಪು ಕೊಡಲಿ.

ಮಲ್ಲುನ ಫೋನಿನಲ್ಲಿ ನೀನು ಹಾಕಿಸಿದ ಆ ಪತ್ತೇದಾರಿ ಆಟವನ್ನೂ ಬಿಡಲಿಲ್ಲ. ಹಿಮ ಬಿದ್ದ ದೊಡ್ಡ ಮನೆ, ಹಿರಿಯಾಕೆಯ ಸಾವು, ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ ಕಡೆಗೆ ಇಂಥವರೇ ಎಂದು ಬೆರಳು ತೋರಿಸಬೇಕು, ಗೊತ್ತಲ್ಲ. ಮಲ್ಲು ಓದಿ ಹೇಳಿದ, ಬೆರಳು ನಾನು ಇಟ್ಟೆ. ಅಡಿಗೆಯವಳ ಮೇಲೆ ಇಟ್ಟೆ. ಯಾಕೆ? ಎಲ್ಲರೂ ಬಡಬಡ ಉತ್ತರ ಕೊಡುವಾಗ ಆಕೆ ತಲೆ ಬಗ್ಗಿಸಿ ಸುಮ್ಮನಿದ್ದಳು. ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಆಟ ನನ್ನನ್ನು ತಡೆಯಲೇ ಇಲ್ಲ. ಆಕೆಯನ್ನು ಕರೆದುಕೊಂಡು ಹೋದರು. ಮರುದಿನ ಅಡಿಗೆಮನೆಯಲ್ಲಿ ಒಲೆ ತಣ್ಣಗಿತ್ತು, ಆಕೆಯ ಚಪ್ಪಲಿ ಬಾಗಿಲಲ್ಲಿಯೇ ಇದ್ದವು. "ತಪ್ಪು" ಎಂದು ಬರೆದು ತೋರಿಸಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಚಪ್ಪಲಿ ತೋರಿಸಿದರು. ಮುಚ್ಚಿಡುವುದಕ್ಕೆ ಆಕೆಯ ಹತ್ತಿರ ಏನೂ ಇರಲಿಲ್ಲ, ಆಕೆಯನ್ನು ಯಾರೂ ಸರಿಯಾಗಿ ಕೇಳಿರಲೇ ಇಲ್ಲ. ಇಂಥ ಆಟ ಕಟ್ಟಿದವರಿಗೆ ನಾನು ಒಂದು ಕಾಯಿ ಒಡೆಸುತ್ತೇನೆ.

ಕನ್ಯಾ ನೋಡಲು ಬಂದಾಗ ನಾನು, "ನಿನಗ ಏನೇನ ಬರತೈತಿ ತಂಗಿ?" ಎಂದು ಕೇಳಿದ್ದೆ. ನೀನು ಬಾಯಿ ತೆಗೆಯುವುದರೊಳಗೆ ನಿಮ್ಮ ಅವ್ವ, "ಕಸೂತಿ ಬರತೈತ್ರಿ, ರಂಗೋಲಿ ಬರತೈತ್ರಿ" ಎಂದರು. ನೀನು ತಲೆ ಬಗ್ಗಿಸಿದೆ. ಈಗ ನಾನು ಮತ್ತೊಮ್ಮೆ ಕೇಳುತ್ತಿದ್ದೇನೆ ಎಂದುಕೋ. ಈ ಸಲ ನೀನೇ ಉತ್ತರ ಕೊಡು, ಬಾಯಿ ತುಂಬ ಕೊಡು.

ಮದುವೆ ಮನೆಗೆ ಸಾವಿನ ಚಿತ್ರ ಬರಬಾರದು ಎಂಬುದು ನಿಮ್ಮ ಅವ್ವನ ಭಯ. ನಾನೂ ದೇವರಿಗೆ ಅಂಜುವವಳೇ, ಅದಕ್ಕೇ ಪೂಜೆಗೆ ಕುಳಿತಾಗ ಇದನ್ನೇ ಯೋಚನೆ ಮಾಡಿದೆ. ನಮ್ಮ ಮನೆದೇವರು ವೀರಭದ್ರ. ಮದುವೆಯ ದಿನ ನಮ್ಮಲ್ಲಿ ಆತನ ಗುಗ್ಗಳದ ಮೆರವಣಿಗೆ ತೆಗೆಯುತ್ತೇವೆ. ದೇವರ ವೇಷದಲ್ಲಿ ಕುಣಿಯುವ ಪುರವಂತ ಕಾಲಿಗೆ ಗೆಜ್ಜೆ ಕಟ್ಟಿ, ಖಡ್ಗ ಝಳಪಿಸಿ, ದೇವರು ಯಜ್ಞಕ್ಕೆ ನುಗ್ಗಿ ಸೊಕ್ಕಿದವನ ತಲೆ ಹಾರಿಸಿದ್ದನ್ನು ಓಣಿಯೇ ನಡುಗುವಂತೆ ಒಡಪು ಹೇಳುತ್ತಾನೆ. ಮದುಮಕ್ಕಳು ಬಾಸಿಂಗ ಕಟ್ಟಿಕೊಂಡೇ ಅದನ್ನು ಕೇಳುತ್ತಾರೆ. ಆ ಕಥೆಯಲ್ಲಿಯೂ ಸತ್ತವನಿಗೆ ಕುರಿಯ ತಲೆ ಇಟ್ಟು ಎಬ್ಬಿಸುತ್ತಾರೆ. ಅದು ಶುಭವಾದರೆ ನಿನ್ನ ಪುಸ್ತಕ ಹೇಗೆ ಅಶುಭವಾಗುತ್ತದೆ? ಸಿಟ್ಟಿಗೆ, ಸಾವಿಗೆ, ಪಶ್ಚಾತ್ತಾಪಕ್ಕೆ ಮುಖ ಕೊಟ್ಟು ಹೇಳುವುದನ್ನು ನಮ್ಮ ಹಿರಿಯರೂ ಮಾಡಿದರು, ಆ ಜಪಾನದವರೂ ಮಾಡುತ್ತಿದ್ದಾರೆ.

ಆದ್ದರಿಂದ ನನ್ನ ಮಾತು ಇಷ್ಟೇ. ತವರಿನಿಂದ ಕೊಡಗಳು, ತಪ್ಪೇಲಿ, ತಿಜೋರಿ ಎಲ್ಲ ಟೆಂಪೋದಲ್ಲಿ ಬರುತ್ತವಲ್ಲ, ಆ ಬಾಂಡೆ ಸಾಮಾನಿನ ಜೊತೆ ನಿನ್ನ ಪೆಟ್ಟಿಗೆಯೂ ಬರಬೇಕು. ಗೋಣಿಚೀಲದಲ್ಲಿ ಸುತ್ತಿ, ಗಾದಿಯ ಕೆಳಗೆ ತುರುಕಿ ತರುವುದು ಬೇಡ. ಎಲ್ಲರ ಕಣ್ಣ ಮುಂದೆ ಇಳಿಯಲಿ. ಏನಿದೆ ಒಳಗೆ ಎಂದು ಯಾರಾದರೂ ಕೇಳಿದರೆ ನಾನು ತೆಗೆದು ತೋರಿಸುತ್ತೇನೆ. ಗಿರಣಿಯ ಧೂಳು ಬೀಳದ ಹಾಗೆ ಒಳಕೋಣೆಯ ಅಲಮಾರಿಯಲ್ಲಿ ಜಾಗ ಖಾಲಿ ಮಾಡಿದ್ದೇನೆ. ಮಲ್ಲುನ ಕೈಗೆ ಕೊಟ್ಟ ಪುಸ್ತಕ ಇಲ್ಲಿಯೇ ಇರುತ್ತದೆ, ತಿರುಗಿ ಕಳಿಸುವುದಿಲ್ಲ.

ಮದುವೆಯಾಗುವುದಿಲ್ಲ ಎಂದು ನೀನು ಆಡಿದ ಮಾತಿಗೆ ನನಗೆ ಬೇಸರ ಇಲ್ಲ. ತನಗೆ ಬೇಕಾದ್ದನ್ನು ಬೇಕು ಎಂದು ಹೇಳುವವಳು ನಮ್ಮ ಮನೆಗೆ ಬೇಕಾಗಿದ್ದಳು. ನಮ್ಮಲ್ಲಿ ಎಲ್ಲರೂ ಅವ್ವನನ್ನು ಕೇಳುತ್ತೇನೆ ಎನ್ನುವವರೇ. ಆದರೆ ಈಗ ಆ ಮಾತನ್ನು ತಿರುಗಿ ತೆಗೆದುಕೋ, ಮಲ್ಲುಗೆ ಒಂದು ಫೋನು ಮಾಡು. ಹುಡುಗ ಸೊರಗಿದ್ದಾನೆ. ನಿಮ್ಮ ಅವ್ವನಿಗೆ ಹೇಳುವುದನ್ನು ನನಗೆ ಬಿಡು.

ಮೈ ಕಡೆ ಲಕ್ಷ್ಯ ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕರೆಂಟು ಬಂತು, ಮಂದಿ ಡಬ್ಬಿ ಹಿಡಿದು ನಿಂತಿದ್ದಾರೆ.

ನಿನ್ನ ದಾರಿ ನೋಡುವ,
ನೀಲಗಂಗವ್ವ

ತಾ.ಕ.: ನಿಮ್ಮ ಅವ್ವನಿಗೆ ಹೇಳುವುದನ್ನು ನನಗೆ ಬಿಡು ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ಖರೆ ಅಲ್ಲ. ಮುಂಜಾನೆಯೇ ಫೋನು ಮಾಡಿ ಹೇಳಿ ಮುಗಿಸಿದ್ದೇನೆ. ಮೆತ್ತಗೆ ಹೇಳಬೇಕೆಂದೇ ಮಾಡಿದ್ದೆ. ಅವರು, "ಬ್ಯಾಡ್ರಿ, ನಾಕ ಮಂದಿ ಏನಂತಾರ" ಎಂದಾಗ ನನ್ನ ಬಾಯಿಂದ ಗಂಡಿನ ಕಡೆಯವರ ಮಾತು ಬಂದುಬಿಟ್ಟಿತು. "ಪೆಟಗಿ ಬರಲಿಲ್ಲಂದ್ರ ಬಾಂಡೆ ಸಾಮಾನು ಇಳಿಸ್ಕೊಳ್ಳೂದಿಲ್ರಿ" ಎಂದೆ. ಅವರು ಅಳುತ್ತ ಹೇಳಿದರು: "ಸುಡತೀನಿ ಅಂತ ದಿನಾ ಒಂದ ಪುಸ್ತಕ ತಗೊಂಡ ನೀರೊಲಿ ಮುಂದ ಕುಂಡ್ರತೀನ್ರಿ. ಒಳಗ ಅಕಿ ಓದಿದ ಹಾಳಿ ಗುರ್ತಿಗಂತ ಕಾಲೇಜಿಗೆ ಹೋಗೂ ಬಸ್ಸಿನ ತಿಕೀಟ ಇಟ್ಟಾಳ. ಒಂದೂ ಸುಡಾಕ ಆಗವಲ್ದು. ಈಗ ನೀವೂ ಒಯ್ದ್ರ, ಅಕೀದು ಅಂತ ನನ್ನ ಮನ್ಯಾಗ ಏನ ಉಳೀತೈತ್ರಿ?" ಅದಕ್ಕೇ ಪೆಟ್ಟಿಗೆ ತುಂಬುವಾಗ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ, ತಂಗಿ. ಒಂದು ಪುಸ್ತಕ, ತಿಕೀಟಿನ ಸಮೇತ, ಅಲ್ಲಿಯೇ ಬಿಟ್ಟು ಬಾ. ಯಾವುದು ಎಂಬುದನ್ನು ಅವರೇ ಆರಿಸಲಿ.